ಕಳಲೆಯ ಪಲ್ಯ, ಗೆಳೆಯರ ಪಂಕ್ತಿ

ಹುಲಿಕಲ್ ಘಾಟಿಯ ಮೇಲಣ ಮಾಸ್ತಿಕಟ್ಟೆಯ ಸೀಮೆಯಲ್ಲಿ ಆಷಾಢದ ಮಳೆ ಹಿಡಿದು ಕುಳಿತಾಗ, ಬಿದಿರುಮೆಳೆಗಳಲ್ಲಿ ತಲೆಯೆತ್ತುವ ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ನೆನೆಯಿಟ್ಟು, ಅದರ ಕಹಿಯನ್ನೂ ವಿಷಾಂಶವನ್ನೂ ಕಳೆದು, ಪಲ್ಯಗೈದು, ಮಿತ್ರರೊಡನೆ ಪಂಕ್ತಿಯಲ್ಲಿ ಕುಳಿತು ಉಣ್ಣುವ ಸುಖ ಮಲೆನಾಡಿಗರಿಗೆ ಹೊಸದಲ್ಲ. ಆದರೆ ಸಮುದ್ರದಾಚೆಯ ಜಪಾನೀಯರೂ ವಸಂತಋತುವಿನಲ್ಲಿ ಕಳಲೆಯನ್ನು ಅಕ್ಕಿತೌಡಿನ ನೀರಿನಲ್ಲಿ ಕುದಿಸಿ, ಕಹಿ ನೀಗಿಸಿ, ಅಕ್ಕಿಯೊಡನೆ ಬೇಯಿಸಿ ಆದರದಿಂದ ಭುಂಜಿಸುವರೆಂಬುದನ್ನು ನಮ್ಮಲ್ಲಿ ಬಲ್ಲವರು ವಿರಳ. ನಾವು ಅರಿಸಿನದೆಲೆಯಲ್ಲಿ ಕಡುಬು ಬೇಯಿಸುವಂತೆ, ಅವರು ಮೇ 5ರ ಮಕ್ಕಳ ಹಬ್ಬದಂದು ಅಕ್ಕಿಹಿಟ್ಟಿನ ಸಿಹಿಗಡುಬನ್ನು ಓಕ್ ಮರದ ಎಲೆಯಲ್ಲಿ ಸುತ್ತುವರು. ಒಳಗಿನ ಹೂರಣವಾದರೋ ನಮ್ಮ ಅಲಸಂದೆಯ ಬಳಗಕ್ಕೇ ಸೇರಿದ ಕೆಂಪುಕಾಳಿನದು. ಅವರ ಪಾಕಸಂಪ್ರದಾಯವನ್ನು ಯುನೆಸ್ಕೋ ಸಂಸ್ಥೆ 2013ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಮಲೆನಾಡಿನ ಸಿಹಿತಿಂಡಿಯಾದ ತೊಡದೇವಿಗೆ ಅಂಥ ಬಿರುದಿಲ್ಲ. ಅದರಿಂದ ರುಚಿಗೇನೂ ಊನ ಬಂದಿಲ್ಲವೆನ್ನಿ.

ಬೆಂಗಳೂರಿನಲ್ಲಿ ಅದೇ ಜಪಾನೀಯರ ಸುಶಿ ಸವಿಯುವ ನಮ್ಮ ತರುಣರನ್ನು ನಾನು ಆಕ್ಷೇಪಿಸೆನು. ಹಸಿಮೀನಿಗೆ ಅಳುಕುವವರಿಗೆ ಅದರಲ್ಲಿ ಸೌತೆಕಾಯಿಯ ಸುರುಳಿಯೂ ಉಂಟು. ಆ ತರುಣರು ಮಳೆಗಾಲದಲ್ಲಿ ಊರಿಗೆ ಬಂದಾಗ, ಜೊತೆಗೆ ಗೆಳೆಯರನ್ನೂ ಕರೆತರಲಿ. ಮನೆಯವರು ಕಳಲೆಯನ್ನು ಮುಂಚಿತವಾಗಿಯೇ ನೆನೆಯಿಟ್ಟಿರಲಿ.