ಯಹೂದಿ ಓಣಿಯಲ್ಲಿ ಒಂದು ಕನ್ನಡ ತರಗತಿ
(ಪದವಿ ಪ್ರದಾನ ಸಮಾರಂಭದಲ್ಲಿ ಹಿರಿಯರ ತರಗತಿಯ ಶಿಕ್ಷಕಿ ಮಾಡಿದ ಭಾಷಣ)



ಪ್ರತಿ ವರ್ಷ ಈ ದಿನ ಮಕ್ಕಳು ಎಷ್ಟು ಕಲಿತರು ಅಂತ ಹೇಳುವುದು ವಾಡಿಕೆ. ಒತ್ತಕ್ಷರ ಬಂತು, ಮಗ್ಗಿ ಬಂತು, ನಾಟಕ ಆಡಿದರು ಅಂತ ನೀವೇ ನೋಡಿದ್ದೀರಿ. ನನಗೆ ಕೊಟ್ಟಿರುವ ಹತ್ತು ನಿಮಿಷದಲ್ಲಿ ಒಂದೇ ಒಂದು ತರಗತಿಯ ಬಗ್ಗೆ ಹೇಳುತ್ತೇನೆ. ಆ ತರಗತಿ ನಡೆದದ್ದು ನಮ್ಮ ಶಾಲೆಯ ಕೋಣೆಯಲ್ಲಲ್ಲ, ಫ್ರಾಂಕ್‌ಫರ್ಟಿನ ಹಳೆಯ ಯಹೂದಿ ಓಣಿಯಲ್ಲಿ.

ದೊಡ್ಡ ಮಕ್ಕಳಿಗೆ ಈ ವರ್ಷ ‘ನಾನಿರುವ ಊರು’ ಎನ್ನುವ ವಿಷಯದ ಮೇಲೆ ಕನ್ನಡದಲ್ಲಿ ಬರೆಯಬೇಕಿತ್ತು. ಊರಿನ ಬಗ್ಗೆ ಬರೆಯಬೇಕಾದರೆ ಊರನ್ನು ನೋಡಬೇಕಲ್ಲ, ಹೊರಟೆವು. ಶನಿವಾರ ಯಹೂದಿಗಳ ಸಬ್ಬತ್, ಅವತ್ತು ಅವರ ಸ್ಮಶಾನಕ್ಕೆ ಹೋಗುವಂತಿಲ್ಲ. ಹಾಗಾಗಿ ಭಾನುವಾರ ಇಟ್ಟುಕೊಂಡೆವು. ಹುಡುಗರಿಗೆಲ್ಲ ತಲೆಗೆ ಟೋಪಿ ಹಾಕಿಕೊಂಡು ಬನ್ನಿ ಎಂದು ಮೊದಲೇ ಹೇಳಿದ್ದೆ.

ಹಿಂದಿನ ದಿನ ಒಬ್ಬ ತಂದೆ ಫೋನ್ ಮಾಡಿದರು. “ಮೇಡಂ, ಮಗನನ್ನು ಕನ್ನಡ ಕಲಿಯೋಕೆ ಕಳಿಸ್ತಿದ್ದೀವಿ. ಈ ಇತಿಹಾಸ ಎಲ್ಲಾ ಅವರ ಜರ್ಮನ್ ಶಾಲೆಯಲ್ಲೇ ಹೇಳಿಕೊಡ್ತಾರೆ. ಇರೋದೇ ವಾರಕ್ಕೆ ಎರಡು ಗಂಟೆ” ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. “ಸರ್, ನೀವೂ ಬನ್ನಿ, ನೋಡಿ ಆಮೇಲೆ ಹೇಳಿ” ಎಂದೆ. ಬಂದರು. ಇವತ್ತು ಇದೇ ಸಭೆಯಲ್ಲಿ ಕೂತಿದ್ದಾರೆ.

ಮೊದಲು ಹೋದದ್ದು ಯಹೂದಿ ಓಣಿಯ ಮ್ಯೂಸಿಯಂಗೆ. 1462ರಲ್ಲಿ ಫ್ರಾಂಕ್‌ಫರ್ಟಿನ ಯಹೂದಿಗಳನ್ನೆಲ್ಲ ಅವರಿದ್ದ ಮನೆಗಳಿಂದ ಎಬ್ಬಿಸಿ, ಒಂದೇ ಓಣಿಯಲ್ಲಿ ಇರಬೇಕೆಂದು ಕಟ್ಟಳೆ ಮಾಡಿದರು. ಓಣಿಯ ಉದ್ದ ಸುಮಾರು 330 ಮೀಟರ್, ಅಗಲ ಮೂರು ನಾಲ್ಕು ಮೀಟರ್. ರಾತ್ರಿ ಹೊತ್ತು ಮತ್ತು ಕ್ರೈಸ್ತರ ಹಬ್ಬದ ದಿನಗಳಲ್ಲಿ ಬಾಗಿಲಿಗೆ ಬೀಗ. ಜನ ಹೆಚ್ಚಿದರೂ ಜಾಗ ಹೆಚ್ಚಲಿಲ್ಲ, ಮನೆಗಳು ಮೇಲಕ್ಕೆ ಬೆಳೆದವು. 1614ರಲ್ಲಿ ಫೆಟ್‌ಮಿಲ್ಖ್ ಎಂಬುವನ ನಾಯಕತ್ವದಲ್ಲಿ ಗುಂಪೊಂದು ಓಣಿಯನ್ನು ಲೂಟಿ ಮಾಡಿ ಅವರನ್ನು ಊರಿಂದಲೇ ಓಡಿಸಿತು. 1616ರಲ್ಲಿ ಚಕ್ರವರ್ತಿಯ ಆಜ್ಞೆಯಂತೆ ಅವರು ಮರಳಿದರು, ಆದರೆ ಅದೇ ಓಣಿಗೆ. ಅಂತೂ ಈ ಕಟ್ಟುಪಾಡು ಸಡಿಲವಾಗಲು ಮೂರು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

1987ರಲ್ಲಿ ನಗರದ ಕಚೇರಿ ಕಟ್ಟಡಕ್ಕೆ ಪಾಯ ತೆಗೆಯುವಾಗ ಆ ಮನೆಗಳ ಅಡಿಪಾಯಗಳು ಸಿಕ್ಕವು. ಜನ ಪ್ರತಿಭಟಿಸಿದ ಮೇಲೆ ಐದು ಮನೆಗಳ ತಳಪಾಯ ಉಳಿಯಿತು. ಆ ಮನೆಗಳಿಗೆ ನಂಬರ್ ಬದಲು ಹೆಸರುಗಳು: ಕೆಂಪು ಟಗರು, ಬಿಳಿ ಟಗರು, ಕಲ್ಲುಮನೆ. ಕೆಂಪು ಗುರಾಣಿ ಎಂಬ ಮನೆಯಿಂದಲೇ ರೋತ್‌ಶಿಲ್ಡ್ ಮನೆತನಕ್ಕೆ ಆ ಹೆಸರು ಬಂದದ್ದು. ಮಕ್ಕಳಿಗೆ ಇದು ಬಹಳ ಇಷ್ಟವಾಯಿತು. ಧಾರವಾಡದ ಕಡೆಯ ಹುಡುಗನೊಬ್ಬ ತನ್ನ ಅಡ್ಡಹೆಸರೂ ಹೀಗೇ ಬಂದಿರಬಹುದೇ ಎಂದು ಅಪ್ಪನನ್ನು ಕೇಳುತ್ತೇನೆಂದ.

ಆಮೇಲೆ ಬಂತು ನಾನು ಸಿದ್ಧವಾಗಿರದ ಪ್ರಶ್ನೆ. ‘ಗಾಸೆ’ ಎನ್ನುವುದಕ್ಕೆ ಓಣಿ ಎಂದು ಬರೆಸಿದ್ದೆ. ಒಬ್ಬಳು ಹುಡುಗಿ ಕೇಳಿದಳು: “ಆಂಟಿ, ರಜೆಗೆ ಹೋದಾಗ ನಮ್ಮಜ್ಜಿ ‘ಕೇರಿ ಕಡೆ ಹೋಗ್ಬೇಡ’ ಅಂದ್ರು. ಕೇರಿ ಅಂದ್ರೂ ಇದೇನಾ?”

ಒಂದು ನಿಮಿಷ ನನ್ನ ಬಾಯಿ ಕಟ್ಟಿತು. ಕೇರಿ ಅಂದರೆ ಬೀದಿ, ಅಷ್ಟೇ ಎಂದು ದಾಟಿಸಿಬಿಡಬಹುದಿತ್ತು. ನಿಘಂಟಿನಲ್ಲಿ ಆ ಅರ್ಥವೂ ಇದೆ. ಆದರೆ ಅಜ್ಜಿ ಹೇಳಿದ್ದು ಆ ಅರ್ಥದಲ್ಲಲ್ಲ, ಅದು ಅವಳಿಗೂ ಗೊತ್ತಾಗಿತ್ತು. “ಹೌದಮ್ಮ, ನಮ್ಮ ಊರುಗಳಲ್ಲೂ ಕೆಲವು ಜಾತಿಯವರನ್ನು ಊರ ಹೊರಗೆ ಇಟ್ಟಿದ್ದರು. ಬಾವಿಯ ನೀರು ಮುಟ್ಟುವ ಹಾಗಿರಲಿಲ್ಲ, ಗುಡಿಯೊಳಗೆ ಬರುವ ಹಾಗಿರಲಿಲ್ಲ. ಎರಡೂ ಒಂದೇ ಕಥೆಯಲ್ಲ. ಇಲ್ಲಿ ಬಾಗಿಲು, ಬೀಗ ಇತ್ತು. ಅಲ್ಲಿ ಬೀಗವೇ ಬೇಕಿರಲಿಲ್ಲ. ನಮ್ಮ ಸಂವಿಧಾನ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಆದರೂ ನಿನ್ನಜ್ಜಿ ಆ ಮಾತು ಹೇಳಿದರಲ್ಲ, ಅಂದರೆ ಇನ್ನೂ ಪೂರ್ತಿ ಹೋಗಿಲ್ಲ” ಎಂದೆ. ಇದನ್ನು ಮನೆಯಲ್ಲಿ ಕೇಳಿ ಕೆಲವರಿಗೆ ಮುಜುಗರವಾಗಿರಬಹುದು. ಆದರೆ ಬೇರೆಯವರ ಊರಿನ ಅನ್ಯಾಯವನ್ನು ಮಾತ್ರ ತೋರಿಸಿ ನಮ್ಮದನ್ನು ಮುಚ್ಚಿಟ್ಟರೆ ಮಕ್ಕಳು ನಮ್ಮ ಯಾವ ಮಾತನ್ನೂ ನಂಬುವುದಿಲ್ಲ.

ಮ್ಯೂಸಿಯಂ ಪಕ್ಕದಲ್ಲೇ ಹಳೆಯ ಸ್ಮಶಾನ. ಅದರಲ್ಲಿ 13ನೇ ಶತಮಾನದ ಕಲ್ಲುಗಳೂ ಇವೆ. ನಾಜಿಗಳು ಅನೇಕ ಕಲ್ಲುಗಳನ್ನು ಒಡೆಸಿದರು, ಉಳಿದವು ಉಳಿದಿವೆ. ಸ್ಮಶಾನದ ಹೊರಗೋಡೆಯ ಉದ್ದಕ್ಕೂ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಲೋಹದ ತುಂಡುಗಳನ್ನು ಕೂರಿಸಿದ್ದಾರೆ. ಒಂದೊಂದರ ಮೇಲೂ ಒಂದು ಹೆಸರು. ನಾಜಿಗಳ ಕಾಲದಲ್ಲಿ ಕೊಲೆಯಾದ ಫ್ರಾಂಕ್‌ಫರ್ಟಿನ ಯಹೂದಿಗಳು ಸುಮಾರು 12 ಸಾವಿರ. ಹಿಟ್ಲರ್ ಬರುವ ಮೊದಲು ಈ ಊರಿನಲ್ಲಿ ಸುಮಾರು 30 ಸಾವಿರ ಯಹೂದಿಗಳಿದ್ದರು. ಬರ್ಲಿನ್ ಬಿಟ್ಟರೆ ಜರ್ಮನಿಯಲ್ಲೇ ದೊಡ್ಡ ಸಮುದಾಯ. 1941ರ ಅಕ್ಟೋಬರ್‌ನಿಂದ ಅವರನ್ನು ಸಗಟು ತರಕಾರಿ ಮಾರುಕಟ್ಟೆಯ ನೆಲಮಾಳಿಗೆಯಲ್ಲಿ ಕೂಡಿಹಾಕಿ ರೈಲಿಗೆ ಹತ್ತಿಸಿದರು. ಆ ಮಾರುಕಟ್ಟೆ ಕಟ್ಟಡ ಈಗ ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ಭಾಗ. ನಮ್ಮಲ್ಲಿ ಕೆಲವರು ದಿನಾ ಅದರ ಮುಂದೆಯೇ ಕೆಲಸಕ್ಕೆ ಹೋಗುತ್ತೇವೆ.

ಇದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ ಎಂದು ಮಕ್ಕಳು ಕೇಳಿದರು. ಗಡಿಪಾರು ಎಂದೆ. ಒಬ್ಬ ಹುಡುಗ ಒಪ್ಪಲಿಲ್ಲ. “ಗಡಿ ದಾಟಿಸಿ ಬಿಡ್ಲಿಲ್ಲವಲ್ಲ ಆಂಟಿ, ಸಾಯಿಸೋಕೆ ಕರ್ಕೊಂಡು ಹೋದ್ರಲ್ವಾ?” ಆ ಪದ ಸಾಲದು ಎಂದು ಅವತ್ತು ನಾನೂ ಕಲಿತೆ.

ಅದೇ ಹುಡುಗ ಆಮೇಲೆ ನಿಧಾನವಾಗಿ ಕೇಳಿದ: “ಅವರೆಲ್ಲ ಇಲ್ಲೇ ಹುಟ್ಟಿದವರು. ಜರ್ಮನ್ ಮಾತಾಡೋರು. ಆದ್ರೂ ಹೇಗೆ ಹೊರಗಿನವರಾದ್ರು?” ಅವನ ಮನೆಯವರಿಗೆ ಈ ವರ್ಷ ಜರ್ಮನ್ ಪಾಸ್‌ಪೋರ್ಟ್ ಬಂದಿದೆ. ಫೋನ್ ಮಾಡಿದ್ದ ಆ ತಂದೆಯ ಮಗ ಅವನೇ. ಅಪ್ಪ ಪಕ್ಕದಲ್ಲೇ ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲು ಅವರೇ ಹೇಳಿದರು: “ಕಾನೂನು ಮಾಡಿ ಕಿತ್ಕೊಂಡ್ರು ಕಣೋ. 1935ರಲ್ಲಿ. ಅದಕ್ಕೇ ಈಗಿನ ಸಂವಿಧಾನದಲ್ಲಿ ಪೌರತ್ವ ಕಿತ್ಕೊಳ್ಳೋ ಹಾಗಿಲ್ಲ ಅಂತ ಬರೆದಿದ್ದಾರೆ.” ಕನ್ನಡದಲ್ಲೇ ಹೇಳಿದರು. ಮಗನ ಜೊತೆ ಇಂಥ ವಿಷಯ ಕನ್ನಡದಲ್ಲಿ ಮಾತಾಡಿದ್ದು ಅದೇ ಮೊದಲು ಎಂದು ಹಿಂತಿರುಗುವಾಗ ಟ್ರಾಮಿನಲ್ಲಿ ನನಗೆ ಹೇಳಿದರು.

ಆ ಗೋಡೆಯ ಮೇಲೆ ಆನ್ ಫ್ರಾಂಕ್ ಹೆಸರೂ ಇದೆ. ಅವಳು 1929ರ ಜೂನ್ 12ರಂದು ಹುಟ್ಟಿದ್ದು ಇದೇ ಊರಿನಲ್ಲಿ. ಅವಳ ಹೆಸರಿನ ತುಂಡಿನ ಮೇಲೆ ಬಂದವರು ಸಣ್ಣ ಸಣ್ಣ ಕಲ್ಲುಗಳನ್ನು ಇಟ್ಟಿದ್ದರು, ಅದು ಯಹೂದಿಗಳ ಪದ್ಧತಿ. ಅವಳ ಹೆಸರಿನ ಮೇಲೆ ಆಗಲೇ ಬೇಕಾದಷ್ಟು ಕಲ್ಲುಗಳಿವೆ ಎಂದು ನಮ್ಮ ಮಕ್ಕಳು ತಾವು ತಂದ ಕಲ್ಲುಗಳನ್ನು ಒಂದೂ ಕಲ್ಲಿಲ್ಲದ ಹೆಸರುಗಳ ಮೇಲೆ ಇಟ್ಟರು. ಯಾರೂ ಹೇಳಿಕೊಟ್ಟಿರಲಿಲ್ಲ.

ತಂದೆ ತಾಯಂದಿರೇ, ಆನ್ ಬಗ್ಗೆ ಒಂದು ಸಂಗತಿ ನಿಮ್ಮ ಮುಂದೆ ಇಡಬೇಕು. ಅವಳ ಮನೆಮಾತು ಜರ್ಮನ್. ಚಿಕ್ಕಂದಿನಲ್ಲೇ ಆಮ್‌ಸ್ಟರ್‌ಡ್ಯಾಮಿಗೆ ಹೋದಳು, ಅಲ್ಲಿ ಶಾಲೆಗೆ ಸೇರಿದಳು. ದಿನಚರಿ ಬರೆದದ್ದು ಡಚ್ ಭಾಷೆಯಲ್ಲಿ. ಯುದ್ಧ ಮುಗಿದ ಮೇಲೆ ಆ ಮನೆಯವರಲ್ಲಿ ಜೀವಂತ ಉಳಿದದ್ದು ಅಪ್ಪ ಓಟೋ ಒಬ್ಬರೇ. ಮಗಳ ದಿನಚರಿ ಅವರ ಕೈಸೇರಿತು. ಅವರ ತಾಯಿ, ಅಂದರೆ ಆನ್‌ಳ ಅಜ್ಜಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದರು. ಅವರಿಗೆ ಡಚ್ ಬಾರದು. ಮೊಮ್ಮಗಳು ಬರೆದದ್ದನ್ನು ಅಜ್ಜಿ ಓದಲೆಂದು ಓಟೋ ಕೂತು ಅದರ ಭಾಗಗಳನ್ನು ಜರ್ಮನ್‌ಗೆ ಅನುವಾದಿಸಿದರು.

ಅವರ ದುಃಖವನ್ನು ನಮ್ಮ ಪರಿಸ್ಥಿತಿಗೆ ಹೋಲಿಸುತ್ತಿಲ್ಲ, ಹೋಲಿಸಲೂ ಬಾರದು. ನಾವು ನಮ್ಮ ಇಷ್ಟದಿಂದ ವಿಮಾನ ಹತ್ತಿ ಬಂದವರು. ಆದರೆ ಆ ಅಜ್ಜಿಯನ್ನು ನೆನೆದಾಗ ನನಗೆ ನಮ್ಮ ಮಕ್ಕಳ ನೋಟ್‌ಬುಕ್‌ಗಳು ನೆನಪಾಗುತ್ತವೆ. ಮಕ್ಕಳ ಮನಸ್ಸಿನ ಮಾತು ಅವರ ಶಾಲೆಯ ಭಾಷೆಯಲ್ಲೇ ಬರುತ್ತದೆ, ಅದು ಸಹಜ, ಅದನ್ನು ತಡೆಯಬೇಕಿಲ್ಲ. ಆದರೆ ಊರಿನಲ್ಲಿರುವ ಅಜ್ಜಿಗೆ ಒಂದು ಪುಟವಾದರೂ ಅನುವಾದವಿಲ್ಲದೆ ಓದಲು ಸಿಗಲಿ.

ಕೊನೆಯದಾಗಿ ಇನ್ನೊಂದು ವಿಷಯ. 1920ರಲ್ಲಿ ಇದೇ ಫ್ರಾಂಕ್‌ಫರ್ಟಿನಲ್ಲಿ ಫ್ರಾಂಟ್ಸ್ ರೋಸೆನ್‌ಟ್ಸ್‌ವೈಗ್ ಎಂಬ ಚಿಂತಕರು ‘ಲೇರ್‌ಹೌಸ್’ ಎಂಬ ಕಲಿಕೆಯ ಮನೆಯನ್ನು ನಡೆಸತೊಡಗಿದರು. ಅದು ಮಕ್ಕಳಿಗಲ್ಲ, ದೊಡ್ಡವರಿಗೆ. ಹೀಬ್ರೂ ಮರೆತ, ಸಂಪ್ರದಾಯದಿಂದ ದೂರ ಸರಿದ ವಕೀಲರು, ವೈದ್ಯರು, ಗೃಹಿಣಿಯರಿಗೆ. ನಿಮಗೆ ಏನೂ ಬರುವುದಿಲ್ಲವೆಂದು ನಾಚಬೇಡಿ, ಈಗಿರುವಲ್ಲಿಂದಲೇ ಶುರು ಮಾಡಿ ಎಂಬುದು ಅವರ ನಿಲುವು. ಅವರೂ ಅಂಥದೇ ಮನೆಯಿಂದ ಬಂದವರು, ಒಂದು ಕಾಲಕ್ಕೆ ಧರ್ಮವನ್ನೇ ಬಿಡಲು ಹೊರಟಿದ್ದವರು. ಮೈಯೆಲ್ಲ ಪಾರ್ಶ್ವವಾಯು ಬಡಿದಂತಾಗಿ ಮಾತು ನಿಂತ ಮೇಲೂ ಹೆಂಡತಿಯ ನೆರವಿನಿಂದ ಕೆಲಸ ಮುಂದುವರಿಸಿ 1929ರಲ್ಲಿ ತೀರಿಕೊಂಡರು.

ಅವರನ್ನು ನೆನೆದು ನನ್ನ ಕೋರಿಕೆ ಇಷ್ಟು. ಮಕ್ಕಳನ್ನು ಬಿಟ್ಟು ಕಾರಿನಲ್ಲಿ ಕಾಯುವ ಎರಡು ಗಂಟೆಯಲ್ಲಿ ನೀವೂ ಒಳಗೆ ಬನ್ನಿ. ಕನ್ನಡ ಓದಲು ಬಾರದ ಪಾಲಕರು ನಮ್ಮಲ್ಲಿ ಇದ್ದಾರೆ. ಹೊರನಾಡಿನಲ್ಲಿ ಬೆಳೆದವರು, ಬೇರೆ ಮನೆಮಾತಿನಿಂದ ಮದುವೆಯಾಗಿ ಬಂದವರು ಇದ್ದಾರೆ. ಮುಂದಿನ ವರ್ಷ ನಿಮಗಾಗಿ ಹಿಂದಿನ ಸಾಲಿನಲ್ಲಿ ಬೆಂಚು ಹಾಕಿಸುತ್ತೇವೆ. ಮೊದಲ ಹೆಸರು ಆಗಲೇ ನೋಂದಾಯಿತವಾಗಿದೆ. ಯಾರದೆಂದು ನೀವು ಊಹಿಸಬಲ್ಲಿರಿ. “ಮೇಡಂ, ಮಾತು ಬರುತ್ತೆ, ಬರೆಯೋದು ಪೂರ್ತಿ ಮರೆತುಹೋಗಿದೆ” ಎಂದರು.

ನಡಿಗೆಯಾದ ಮೇಲೆ ಮಕ್ಕಳು ತಮ್ಮ ಅಜ್ಜ ಅಜ್ಜಿಯರಿಗೆ ಬರೆದ ಪತ್ರಗಳು ಈ ಪುಸ್ತಿಕೆಯ ಕೊನೆಯ ಪುಟಗಳಲ್ಲಿವೆ. ತಪ್ಪುಗಳನ್ನು ತಿದ್ದಿಲ್ಲ. ಕೇರಿಯ ಬಗ್ಗೆ ಕೇಳಿದ ಹುಡುಗಿಯ ಪತ್ರವೂ ಇದೆ. ಅವಳ ಅಜ್ಜಿ ಉತ್ತರ ಬರೆದಿದ್ದಾರೆ. “ನೀನು ಕೇಳಿದ್ದು ಸರಿ ಪುಟ್ಟಿ, ಈ ಸಲ ಬಂದಾಗ ಇಬ್ಬರೂ ಹೋಗೋಣ” ಎಂದು.

ಮಕ್ಕಳೇ, ನಿಮಗೆಲ್ಲ ಶುಭವಾಗಲಿ.