ಅಂತರ್ಜಾಲದಲ್ಲಿ ಆರೋಗ್ಯ ಬರಹ: ನಮ್ಮ ಹೊಣೆ
(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಳೆದ ವರ್ಷ ನಮ್ಮ ಶಾಲೆಯ ಒಂಬತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕನ್ನಡ ವಿಕಿಪೀಡಿಯಕ್ಕೆಂದು ಓ.ಆರ್.ಎಸ್. ಕುರಿತು ಲೇಖನ ಬರೆದು ತಂದಳು. ಅಕ್ಷರ ಮುತ್ತಿನಂತಿತ್ತು, ಭಾಷೆಯೂ ಶುದ್ಧ. ಒಂದು ಲೀಟರ್ ನೀರಿಗೆ 3.5 ಗ್ರಾಂ ಉಪ್ಪು, 20 ಗ್ರಾಂ ಗ್ಲೂಕೋಸ್ ಎಂದಿತ್ತು. "ಎಲ್ಲಿಂದ ಬರೆದೆ ಮಗಳೇ?" ಎಂದೆ. "ಮನೆಯಲ್ಲಿದ್ದ ಹಳೇ ಪುಸ್ತಕದಿಂದ ಸರ್, ಒಂದಕ್ಷರವೂ ಬಿಡದೆ ಬರೆದಿದ್ದೇನೆ" ಎಂದಳು. ಹೆಮ್ಮೆಯಿಂದ ಹೇಳಿದ ಆ ಮಾತಿನಲ್ಲೇ ಎರಡು ತಪ್ಪುಗಳಿದ್ದವು. ಅವು ಅವಳವಲ್ಲ, ಹೇಳಿಕೊಡಬೇಕಾದ ನಾನು ಹೇಳಿಕೊಟ್ಟಿರಲಿಲ್ಲ.

ಮೊದಲನೆಯದು, ಪುಸ್ತಕ ಹಳೆಯದು. ಆ ಪ್ರಮಾಣ ಒಂದು ಕಾಲಕ್ಕೆ ಸರಿಯೇ. ಅಸಂಖ್ಯಾತ ಮಕ್ಕಳ ಜೀವ ಉಳಿಸಿತ್ತು. ಆದರೆ 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್ ಉಪ್ಪನ್ನು 2.6 ಗ್ರಾಂಗೆ, ಗ್ಲೂಕೋಸನ್ನು 13.5 ಗ್ರಾಂಗೆ ಇಳಿಸಿದವು. ಅನೇಕ ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ಹೊಸ ದ್ರಾವಣ ಕುಡಿದ ಮಕ್ಕಳಲ್ಲಿ ವಾಂತಿ ಭೇದಿ ಕಡಿಮೆಯಾಗಿ, ಡ್ರಿಪ್ ಹಾಕಬೇಕಾದ ಪ್ರಸಂಗಗಳು ಸುಮಾರು ಮೂರನೇ ಒಂದರಷ್ಟು ತಗ್ಗಿದ್ದವು.

'ಒಟ್ಟಿಗೆ ತೂಗಿ' ಎಂಬ ಮಾತನ್ನು ಗಮನಿಸಿ. ಇಂಗ್ಲಿಷ್ ವಿಕಿಪೀಡಿಯದ ವೈದ್ಯಕೀಯ ಲೇಖನಗಳಿಗೆ ಇರುವ ಮುಖ್ಯ ನಿಯಮ ಇದೇ. ಪತ್ರಿಕೆಯ ತಲೆಬರಹ ಸಾಲದು, ಒಂಟಿ ಸಂಶೋಧನೆಯೂ ಸಾಲದು. ಹಲವು ಸಂಶೋಧನೆಗಳನ್ನು ಪರಿಶೀಲಿಸಿದ ವಿಮರ್ಶಾ ಲೇಖನ, ಮಾನ್ಯ ಪಠ್ಯಪುಸ್ತಕ, ಆರೋಗ್ಯ ಸಂಸ್ಥೆಗಳ ಮಾರ್ಗಸೂಚಿ ಬೇಕು. ಸಾಧ್ಯವಾದಷ್ಟೂ ಕಳೆದ ಐದು ವರ್ಷಗಳದ್ದಾಗಿರಬೇಕು. ಇದೇಕೆಂದರೆ, 1998ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಕೇವಲ 12 ಮಕ್ಕಳ ಕುರಿತ ಒಂದು ಲೇಖನ ಬಂತು. ಅದನ್ನು ನಂಬಿ ದಡಾರದ ಲಸಿಕೆಯಿಂದ ಆಟಿಸಂ ಬರುತ್ತದೆಂದು ಹೆದರಿದ ತಂದೆತಾಯಂದಿರು ಮಕ್ಕಳಿಗೆ ಲಸಿಕೆ ಹಾಕಿಸಲಿಲ್ಲ. 2010ರಲ್ಲಿ ಪತ್ರಿಕೆ ಲೇಖನವನ್ನು ಹಿಂತೆಗೆದುಕೊಂಡಿತು. ಹಬ್ಬಿದ ಭಯವನ್ನು ಹಿಂತೆಗೆದುಕೊಳ್ಳಲು ಆಗಲಿಲ್ಲ.

ಎರಡನೆಯದು, 'ಒಂದಕ್ಷರವೂ ಬಿಡದೆ' ಬರೆದದ್ದು. ಉಪ್ಪು ಎಷ್ಟು ಗ್ರಾಂ ಎಂಬ ಸಂಗತಿಗೆ ಒಡೆಯರಿಲ್ಲ. ಅದನ್ನು ಹೇಳಿದ ವಾಕ್ಯಗಳಿಗೆ ಇದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರ ಜೀವಿತಕಾಲ ಮತ್ತು ನಂತರದ 60 ವರ್ಷ ಆ ಹಕ್ಕು ಉಳಿಯುತ್ತದೆ. ಅನುವಾದಕ್ಕೂ ಅನುಮತಿ ಬೇಕು. "ಪುಸ್ತಕದ ಹೆಸರು ಹಾಕಿದರೆ ಸಾಲದೇ?" ಎಂದು ಕೇಳುವಿರಿ. ಹೆಸರು ಹೇಳುವುದು ಬೇರೆ, ಅಪ್ಪಣೆ ಪಡೆಯುವುದು ಬೇರೆ. ವಿಕಿಪೀಡಿಯದ ಬರಹವನ್ನು ಯಾರು ಬೇಕಾದರೂ ಬಳಸಬಹುದು, ಮಾರಲೂಬಹುದು. ಆದ್ದರಿಂದ ವ್ಯಾಪಾರಕ್ಕೆ ಬಳಸಬಾರದೆಂಬ ಷರತ್ತಿನೊಡನೆ ಹೊರಬಂದ ವಿಶ್ವ ಆರೋಗ್ಯ ಸಂಸ್ಥೆಯ ಬರಹವನ್ನೂ ಅಲ್ಲಿ ಹಾಗೆಯೇ ಇಳಿಸುವಂತಿಲ್ಲ. ಇಂಗ್ಲಿಷ್ ವಿಕಿಪೀಡಿಯದ ಲೇಖನವನ್ನು ಧಾರಾಳವಾಗಿ ಅನುವಾದಿಸಬಹುದು. ಅಲ್ಲಿಂದ ತಂದದ್ದೆಂದು ಮಾತ್ರ ನಮೂದಿಸಬೇಕು.

ವಿದ್ಯಾರ್ಥಿಗಳೇ, ನಾನು ಹೇಳುವ ಉಪಾಯ ಸುಲಭ. ಓದಿ, ಪುಸ್ತಕ ಮುಚ್ಚಿ, ನಿಮ್ಮ ಮಾತಿನಲ್ಲಿ ಬರೆಯಿರಿ. ಅಂಕಿ ಸಂಖ್ಯೆಗಳಿಗೆ ಮಾತ್ರ ಪುಸ್ತಕ ಮತ್ತೆ ತೆರೆದು ತಾಳೆ ನೋಡಿ.

ಆಕರ ಸೂಚಿಸುವುದಕ್ಕೆ ಉರ್ದುವಿನಲ್ಲಿ 'ಹವಾಲಾ' ಎನ್ನುತ್ತೇವೆ. ಕಳ್ಳಹಣದ ಸುದ್ದಿಗಳಲ್ಲಿ ಸೇರಿ ಆ ಪದದ ಹೆಸರು ಕೆಟ್ಟಿದೆ. ಅದರ ಮೂಲ ಅರ್ಥ ಒಬ್ಬರ ವಶಕ್ಕೆ ಒಪ್ಪಿಸುವುದು. ಕನ್ನಡದ 'ಹವಾಲೆ'ಯೂ ಅದೇ. ನಾವು ವೈದ್ಯರಲ್ಲ. ಓದುಗನನ್ನು ತಿಳಿದವರ ಹವಾಲೆಗೆ ಒಪ್ಪಿಸುವುದಷ್ಟೇ ನಮ್ಮ ಕೆಲಸ.

ಆ ಹುಡುಗಿ ಲೇಖನವನ್ನು ಮತ್ತೆ ಬರೆದಳು. ಮೊದಲಿನದರ ಅರ್ಧದಷ್ಟೇ ಇತ್ತು, ಆದರೆ ಪ್ರತಿ ಅಂಕಿಗೂ ಹವಾಲಾ ಇತ್ತು. ನಡುರಾತ್ರಿ ಮಗುವಿಗೆ ಭೇದಿ ಹತ್ತಿ ಮೊಬೈಲ್ ಹಿಡಿದು ಕೂತ ತಾಯಿಗೆ ಬೇಕಾದದ್ದು ಅದೇ ತಾನೇ? ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ.