ಹಣ ಕೊಡುವ ಮುನ್ನ ಒಂದು ಸಂಜೆಯ ಓದು



1993ರ ಫೆಬ್ರವರಿಯಲ್ಲಿ ಬೆಂಗಳೂರಿನ ಇನ್ಫೋಸಿಸ್ ಮೊದಲ ಸಲ ತನ್ನ ಷೇರುಗಳನ್ನು ಜನರ ಮುಂದಿಟ್ಟಿತು. ಒಂದು ಷೇರಿಗೆ 95 ರೂಪಾಯಿ. ಜನ ಮುಗಿಬೀಳಲಿಲ್ಲ. ಆಗ ಕೈಹಿಡಿದದ್ದು ಅಮೆರಿಕದ ಹೂಡಿಕೆ ಬ್ಯಾಂಕ್ ಮಾರ್ಗನ್ ಸ್ಟ್ಯಾನ್ಲಿ. ಅದೇ ಷೇರು ಜೂನ್‌ನಲ್ಲಿ ಪೇಟೆಗೆ ಬಂದಾಗ 145 ರೂಪಾಯಿಗೆ ವಹಿವಾಟು ಶುರುವಾಯಿತು. ನಾವು ಇದನ್ನು ಅದೃಷ್ಟದ ಕಥೆಯಾಗಿ ಹೇಳಿಕೊಳ್ಳುತ್ತೇವೆ. ಆದರೆ ಅದರ ಹಿಂದೆ ಕಾನೂನಿನ ಕಥೆಯೂ ಇದೆ. 1992ರವರೆಗೆ ಷೇರನ್ನು ಎಷ್ಟಕ್ಕೆ ಮಾರಬೇಕೆಂದು ಕೇಂದ್ರ ಸರ್ಕಾರದ ಒಬ್ಬ ಅಧಿಕಾರಿಯ ಕಚೇರಿ ತೀರ್ಮಾನಿಸುತ್ತಿತ್ತು. ಆ ವರ್ಷ ಆ ಹುದ್ದೆ ರದ್ದಾಯಿತು, ಷೇರು ಪೇಟೆಯ ನಿಯಂತ್ರಣ ಸಂಸ್ಥೆ ಸೆಬಿಗೆ ಶಾಸನದ ಬಲ ಬಂತು. ಅಂದಿನಿಂದ ಬೆಲೆ ಕಟ್ಟುವುದು ಕಂಪನಿಗೆ ಬಿಟ್ಟದ್ದು. ಕಂಪನಿಯಿಂದ ನಿಜ ಹೇಳಿಸುವುದು ಸೆಬಿಯ ಕೆಲಸ.

ಸ್ಟಾರ್ಟಪ್‌ಗಳು ಸಾಲುಗಟ್ಟಿ ಷೇರು ಪೇಟೆಗೆ ಬರುತ್ತಿರುವ ಈ ದಿನಗಳಲ್ಲಿ ಇದನ್ನು ನಾವು ಚೆನ್ನಾಗಿ ತಿಳಿದಿರಬೇಕು. 'ಸೆಬಿ ಒಪ್ಪಿದೆ, ಇನ್ನೇನು ಭಯ' ಎಂದು ಹೇಳುವವರನ್ನು ನೀವೂ ಕಂಡಿರಬಹುದು. ಷೇರು ನೀಡಿಕೆಯ ದಾಖಲೆಯನ್ನೇ ತೆರೆದು ನೋಡಿ. ಕಂಪನಿಯ ಆರ್ಥಿಕ ಗಟ್ಟಿತನಕ್ಕೆ ಸೆಬಿ ಹೊಣೆಯಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ.

ಆ ದಾಖಲೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಹಣ ಯಾರ ಕೈಸೇರುತ್ತದೆ ಎನ್ನುವ ಭಾಗ. 2021ರ ನವೆಂಬರ್‌ನಲ್ಲಿ ಪೇಟಿಎಂ 18,300 ಕೋಟಿ ರೂಪಾಯಿಯ ಷೇರು ನೀಡಿಕೆಗೆ ಬಂತು. ಇದರಲ್ಲಿ ಕಂಪನಿಯ ಖಜಾನೆಗೆ ಬರಲಿದ್ದದ್ದು 8,300 ಕೋಟಿ. ಉಳಿದ 10,000 ಕೋಟಿ ತಮ್ಮ ಪಾಲು ಮಾರುತ್ತಿದ್ದ ಹಳೆಯ ಷೇರುದಾರರಿಗೆ. ಇದರಲ್ಲಿ ಗುಟ್ಟೇನೂ ಇರಲಿಲ್ಲ, ಎಲ್ಲವೂ ದಾಖಲೆಯಲ್ಲಿತ್ತು. 2,150 ರೂಪಾಯಿಗೆ ಕೊಟ್ಟ ಷೇರು ಪೇಟೆಗೆ ಬಂದ ಮೊದಲ ದಿನವೇ ಸುಮಾರು ಶೇಕಡಾ 27ರಷ್ಟು ಕುಸಿಯಿತು. ಹಳಬರು ಪಾಲು ಮಾರುವುದು ತಪ್ಪೇನಲ್ಲ. ಆದರೆ ನಮ್ಮ ದುಡ್ಡು ಹೊಸ ಯಂತ್ರಕ್ಕೆ, ಹೊಸ ಗೋದಾಮಿಗೆ ಹೋಗುತ್ತದೆಯೇ ಅಥವಾ ಹೊರಟು ನಿಂತವರ ಜೇಬಿಗೆ ಹೋಗುತ್ತದೆಯೇ ಎಂದು ಕೇಳಿಕೊಳ್ಳಲೇಬೇಕು.

ನಷ್ಟದಲ್ಲಿರುವ ಕಂಪನಿಗೂ ಪೇಟೆಯ ಬಾಗಿಲು ತೆರೆದಿದೆ, ಆದರೆ ಷರತ್ತಿದೆ. ಸೆಬಿ ಹಾಕಿದ ಲಾಭದ ಗೆರೆಯನ್ನು ಮುಟ್ಟದ ಕಂಪನಿ ಕನಿಷ್ಠ ಶೇಕಡಾ 75ರಷ್ಟು ಷೇರುಗಳನ್ನು ಮ್ಯೂಚುವಲ್ ಫಂಡ್, ವಿಮಾ ಕಂಪನಿಗಳಂಥ ದೊಡ್ಡ ಸಂಸ್ಥೆಗಳಿಗೇ ಮಾರಬೇಕು. ಸಣ್ಣ ಹೂಡಿಕೆದಾರರ ಪಾಲು ಶೇಕಡಾ 10ನ್ನು ಮೀರುವಂತಿಲ್ಲ. ಲೆಕ್ಕ ಬಲ್ಲವರು ಮೊದಲು ತೂಗಿ ನೋಡಲಿ ಎನ್ನುವುದು ಇದರ ತಿರುಳು.

ಇನ್ನು ಮನೆಯೊಳಗಿನ ಶಿಸ್ತು. ಕಂಪನಿ ಕಟ್ಟಿದವರು ಅದನ್ನು ತಮ್ಮ ಮನೆಯೆಂದೇ ಭಾವಿಸುವುದು ಸಹಜ. ಕಚೇರಿ ಜಾಗವನ್ನು ಬಾಡಿಗೆಗೆ ಕೊಡುವ ಅಮೆರಿಕದ ವೀವರ್ಕ್ 2019ರ ಆಗಸ್ಟ್‌ನಲ್ಲಿ ತನ್ನ ದಾಖಲೆಯನ್ನು ಬಹಿರಂಗಪಡಿಸಿದಾಗ ಲೋಕ ಬೆರಗಾಯಿತು. ಸಂಸ್ಥಾಪಕ ಆಡಂ ನ್ಯೂಮನ್ ತಾನು ಪಾಲು ಹೊಂದಿದ್ದ ಕಟ್ಟಡಗಳನ್ನು ತನ್ನ ಕಂಪನಿಗೇ ಬಾಡಿಗೆಗೆ ಕೊಟ್ಟಿದ್ದರು. 'ವಿ' ಎಂಬ ಹೆಸರಿನ ಹಕ್ಕಿಗಾಗಿ ಕಂಪನಿ ಅವರದೇ ಸಂಸ್ಥೆಗೆ 59 ಲಕ್ಷ ಡಾಲರ್ ಮೌಲ್ಯದ ಪಾಲು ಕೊಟ್ಟಿತ್ತು. ಟೀಕೆ ಬಂದ ಮೇಲೆ ಅದು ವಾಪಸಾಯಿತು. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ನ್ಯೂಮನ್ ಮುಖ್ಯಸ್ಥನ ಕುರ್ಚಿ ಬಿಟ್ಟರು, ಷೇರು ನೀಡಿಕೆಯೂ ನಿಂತಿತು. ಎಲ್ಲವನ್ನೂ ಬರೆದು ಮುಂದಿಡಿ ಎಂಬ ನಿಯಮ ಇಲ್ಲದಿದ್ದರೆ ಆ ಷೇರುಗಳು ಸಾಮಾನ್ಯರ ಉಳಿತಾಯದ ಹಣಕ್ಕೆ ಮಾರಾಟವಾಗಿಬಿಡುತ್ತಿದ್ದವು.

ನಮ್ಮಲ್ಲಿ ಇಂಥ ಸ್ವಂತದವರ ವ್ಯವಹಾರಗಳಿಗೆ ಲೆಕ್ಕಪರಿಶೋಧನಾ ಸಮಿತಿಯ ಒಪ್ಪಿಗೆ ಬೇಕು. ಸಮಿತಿಯಲ್ಲಿ ಮೂರರಲ್ಲಿ ಎರಡು ಪಾಲು, ಕಂಪನಿ ಕಟ್ಟಿದವರೊಡನೆ ನಂಟಿಲ್ಲದ ಸ್ವತಂತ್ರ ನಿರ್ದೇಶಕರಿರಬೇಕು. ಆದರೆ ಸ್ವತಂತ್ರ ನಿರ್ದೇಶಕರು ಬಾಯಿಬಿಟ್ಟು ಪ್ರಶ್ನೆ ಕೇಳದಿದ್ದರೆ ಈ ನಿಯಮ ಕಾಗದದ ಮೇಲೆಯೇ ಉಳಿಯುತ್ತದೆ. 2009ರ ಜನವರಿಯಲ್ಲಿ ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷರೇ ಲೆಕ್ಕ ತಿರುಚಿದ್ದನ್ನು ಪತ್ರ ಬರೆದು ಒಪ್ಪಿಕೊಂಡರು. ಆ ಕಂಪನಿಯಲ್ಲೂ ಹೆಸರಾಂತ ಸ್ವತಂತ್ರ ನಿರ್ದೇಶಕರಿದ್ದರು.

ಮೊಬೈಲಿನಲ್ಲಿ ಯುಪಿಐ ಒಪ್ಪಿಗೆ ಒತ್ತುವ ಮುನ್ನ ಸೆಬಿಯ ಜಾಲತಾಣಕ್ಕೆ ಹೋಗಿ. ಷೇರು ನೀಡಿಕೆಯ ದಾಖಲೆ ಅಲ್ಲಿ ಪುಕ್ಕಟೆ ಸಿಗುತ್ತದೆ. ನೂರಾರು ಪುಟಗಳಿಗೆ ಹೆದರಬೇಡಿ. ಅಪಾಯಗಳೇನು, ಹಣ ಎಲ್ಲಿಗೆ ಹೋಗುತ್ತದೆ, ಸ್ವಂತದವರೊಡನೆ ಎಂಥ ವ್ಯವಹಾರವಿದೆ, ಇಷ್ಟನ್ನು ಓದಿ. ಅರ್ಥವಾಗದಿದ್ದರೆ ತಿಳಿದವರನ್ನು ಕೇಳಿ. ಆಗಲೂ ಅರ್ಥವಾಗದಿದ್ದರೆ ದಯವಿಟ್ಟು ಆ ಷೇರನ್ನು ಬಿಟ್ಟುಬಿಡಿ.